ಮೂವತ್ತೊಂದನೇ ಹೆಪ್ಪು

ನನಗೆ ಅನ್ನ ಹಾಕುವುದು ಬೂಷ್ಟು. ಹೀಗೆಂದರೆ ಪಾಟ್‌ಲಕ್ ಊಟಕ್ಕೆ ಬಂದವರು ನಕ್ಕು, ಆಮೇಲೆ ನಾನು ತಂದಿಟ್ಟ ಪಲ್ಯದ ಕಡೆ ಒಂದು ಅನುಮಾನದ ನೋಟ ಹಾಕುತ್ತಾರೆ. ಆಸ್ಟಿನ್ ಪಕ್ಕದ ರೌಂಡ್ ರಾಕ್‌ನ ನಮ್ಮ ಬೀದಿಯಲ್ಲಿ ಹೆಚ್ಚುಕಮ್ಮಿ ಎಲ್ಲರೂ ಕಂಪ್ಯೂಟರಿನವರು. ನನ್ನ ಗಂಡನೂ ಅದೇ. ನಾನೊಬ್ಬಳು ಧಾರವಾಡದಲ್ಲಿ ಕೃಷಿ ಓದಿ, ಸೂಕ್ಷ್ಮಜೀವಿಗಳ ಹಿಂದೆ ಬಿದ್ದು, ಕೊನೆಗೆ ಟೆಕ್ಸಾಸಿನ ಅಕ್ಕಿ ಗಿರಣಿಗಳ ತೌಡಿನ ಮೇಲೆ ಬೂಷ್ಟು ಬೆಳೆಸುವ ಕೆಲಸಕ್ಕೆ ಸೇರಿದವಳು. "ತೌಡು ಕುಟ್ಟಾಕ ಅಮೆರಿಕಾತನಕ ಹೋಗಬೇಕಿತ್ತೇನ ನೀ?" ಎಂದು ನಮ್ಮಣ್ಣ ಫೋನಿನಲ್ಲಿ ಕಾಡುತ್ತಾನೆ. ಕಾಡಲಿ. ಈಗ ಬರೆಯುತ್ತಿರುವುದು ಅವನಿಗೂ ಗೊತ್ತಿಲ್ಲ.

ಹ್ಯೂಸ್ಟನ್‌ನಿಂದ ಪಶ್ಚಿಮಕ್ಕೆ, ಕೇಟಿ ದಾಟಿದ ಮೇಲೆ, ಭತ್ತದ ಗದ್ದೆಗಳು ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿರುವ ಕಡೆ ನಮ್ಮ ಕಂಪನಿಯ ತಗಡಿನ ಶೆಡ್ ಇದೆ. ಗಿರಣಿಯವರಿಗೆ ಬೇಡವಾದ ತೌಡು, ಹೊಟ್ಟು ಲಾರಿಯಲ್ಲಿ ಬಂದು ಬೀಳುತ್ತದೆ. ಅದಕ್ಕೆ ಹದವಾಗಿ ನೀರು ಕಲಸುತ್ತೇವೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಉದುರಬೇಕು. ಹಬೆಯಲ್ಲಿ ಬೇಯಿಸಿ, ಆರಿಸಿ, ಮೇಲೆ ಶಿಲೀಂಧ್ರದ ಬೀಜಕಣಗಳನ್ನು ಚಿಮುಕಿಸಿ, ಉದ್ದುದ್ದ ಟ್ರೇಗಳಲ್ಲಿ ಹರವಿ ಬೆಚ್ಚಗಿನ ಕೋಣೆಯೊಳಗೆ ಇಡುತ್ತೇವೆ. ಮರುದಿನ ಬಿಳಿ ಎಳೆ ಕಾಣಿಸುತ್ತದೆ. ಎರಡನೇ ದಿನ ಟ್ರೇ ತಾನಾಗಿಯೇ ಬಿಸಿಯಾಗುತ್ತದೆ, ಜ್ವರ ಬಂದ ಮಗುವಿನ ಹಣೆಯ ಹಾಗೆ. ತೌಡನ್ನು ಅರಗಿಸಿಕೊಳ್ಳಲು ಬೂಷ್ಟು ತನ್ನ ಮೈಯಿಂದ ಕಿಣ್ವ ಸುರಿಸುತ್ತದೆ. ನಮಗೆ ಬೇಕಾದ್ದು ಅದೇ. ಅದನ್ನು ತೊಳೆದು, ಸೋಸಿ, ಪುಡಿ ಮಾಡಿ ಡಾಲಸ್ ಕಡೆಯ ಒಂದು ಕೋಳಿಮೇವಿನ ಕಂಪನಿಗೆ ಕಳಿಸುತ್ತೇವೆ. ಮೇವಿಗೆ ಬೆರೆಸಿದರೆ ಒರಟು ಕಾಳು ಕೋಳಿಗೆ ಸಲೀಸಾಗಿ ಜೀರ್ಣವಾಗುತ್ತದೆ.

ಬೀಜಕಣ ತಯಾರಿಸಿ ಕೊಡುವುದು ನನ್ನ ಕೆಲಸ. ಅಲ್ಲಿಂದಾಚೆ, ಅಂದರೆ ಕಲಸುವುದು, ಹರವುವುದು, ತೇವ ನೋಡುವುದು, ಎರಡನೇ ದಿನ ಟ್ರೇ ಮಗುಚುವುದು, ಇವೆಲ್ಲ ಆಂಟಿಯ ಕೆಲಸವಾಗಿತ್ತು.

ಆಂಟಿ ಮೈಸೂರಿನವರು. ಮದುವೆಗೆ ಮುಂಚೆ ಎರಡು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದ್ದರಂತೆ. ಅಂಕಲ್ ಜೊತೆ ಇಲ್ಲಿಗೆ ಬಂದ ಮೇಲೆ ಮಕ್ಕಳು, ಮನೆ, ಡ್ರೈವಿಂಗ್, ಅಷ್ಟರಲ್ಲೇ ಇಪ್ಪತ್ತೈದು ವರ್ಷ ಕಳೆದುಹೋಯಿತು. ಹ್ಯೂಸ್ಟನ್‌ನಲ್ಲಿ ಕನ್ನಡದವರು ಸೇರಿ ಮಾಡಿದ ಒಂದು ಯುಗಾದಿ ಊಟದಲ್ಲಿ ಅವರ ಮಜ್ಜಿಗೆಹುಳಿ ತಿಂದು, ಈ ಮೊಸರು ಎಲ್ಲಿಯದು ಎಂದು ಹುಡುಕಿಕೊಂಡು ಹೋದೆ. ಆಗ ಗೊತ್ತಾದದ್ದು, ಆ ಊರಿನ ಅರ್ಧ ಕನ್ನಡದ ಮನೆಗಳಲ್ಲಿ ಅವರ ಹೆಪ್ಪಿನ ಮೊಸರೇ ಇದೆ ಎಂದು. ಹೊಸದಾಗಿ ಮದುವೆಯಾಗಿ ಬಂದವರು, ಯೂನಿವರ್ಸಿಟಿ ಹುಡುಗಿಯರು, ಎಲ್ಲರೂ ಡಬ್ಬಿ ಹಿಡಿದು ಅವರ ಮನೆಗೆ ಹೋಗುತ್ತಿದ್ದರು. "ಆಂಟಿ ಕೈಗುಣ" ಎನ್ನುತ್ತಿದ್ದರು. ಆಂಟಿ ಅದನ್ನು ಬೇಡವೆನ್ನುತ್ತಿರಲಿಲ್ಲ. "ಮಕ್ಕಳು ನನ್ನ ಮಾತು ಕೇಳಲ್ಲ, ಹಾಲು ಮಾತ್ರ ಕೇಳುತ್ತೆ ಕಣೇ" ಎಂದು ನಗುತ್ತಿದ್ದರು.

ಅವರನ್ನು ಕಂಪನಿಗೆ ಸೇರಿಸಿದವಳು ನಾನೇ. ಐವತ್ತಾರನೇ ವಯಸ್ಸಿನಲ್ಲಿ ಬಿಳಿ ಕೋಟು ಹಾಕಿಕೊಂಡು ಮೊದಲ ದಿನ ಫೋಟೋ ತೆಗೆಸಿಕೊಂಡು ಡಾಲಸ್ ಹತ್ತಿರದ ಪ್ರಾಸ್ಪರ್‌ನಲ್ಲಿದ್ದ ಮಗಳಿಗೆ ಕಳಿಸಿದರು. ಟ್ರೇ ಕೋಣೆಯ ಕೆಲಸ ಅವರಿಗೆ ನೀರು ಕುಡಿದಷ್ಟು ಸುಲಭವಾಗಿ ಬಂತು. ತೇವ ಅಳೆಯುವ ಯಂತ್ರ ಇದ್ದರೂ ಮೊದಲು ಮುಷ್ಟಿಯಲ್ಲಿ ಹಿಡಿದು ನೋಡುವರು. ಯಂತ್ರ ಆಮೇಲೆ ಅದನ್ನೇ ಹೇಳುತ್ತಿತ್ತು. ನಾನು ಸೋಮವಾರದಿಂದ ಗುರುವಾರದವರೆಗೆ ಕೇಟಿಯ ಅವರ ಮನೆಯ ಮಹಡಿಯ ಕೋಣೆಯಲ್ಲೇ ಇರುತ್ತಿದ್ದೆ, ಶುಕ್ರವಾರ ರೌಂಡ್ ರಾಕ್‌ಗೆ ವಾಪಸ್. ಬಾಡಿಗೆ ಮಾತು ಎತ್ತಿದರೆ ಅವರಿಗೆ ಸಿಟ್ಟು. ಮೊದಲ ಶುಕ್ರವಾರ ಹೋಗುವಾಗ ಒಂದು ಸ್ಟೀಲ್ ಡಬ್ಬಿಯಲ್ಲಿ ಹೆಪ್ಪು ಕೊಟ್ಟಿದ್ದರು. ನಮ್ಮ ಮನೆಯ ಮೊಸರು ಅವತ್ತಿನಿಂದ ಅದೇ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಅದಕ್ಕೆ ಸುತ್ತುಬಳಸು ಬೇಡ.

ನಮ್ಮ ಶಿಲೀಂಧ್ರದ ಮೂಲ ತಳಿ ಇದ್ದದ್ದು ಆಸ್ಟಿನ್‌ನಲ್ಲಿ. ಕಂಪನಿ ಶುರುವಾದದ್ದು ಅಲ್ಲಿನ ಒಂದು ಬಾಡಿಗೆ ಲ್ಯಾಬಿನಲ್ಲಿ. ಡೀಪ್ ಫ್ರೀಜರ್ ಇನ್ನೂ ಅಲ್ಲೇ ಇತ್ತು. ಒಳಗೆ ಬೆರಳುದ್ದದ ಪ್ಲಾಸ್ಟಿಕ್ ಸೀಸೆಗಳಲ್ಲಿ ಮೂಲ ತಳಿ ಹೆಪ್ಪುಗಟ್ಟಿ ಮಲಗಿತ್ತು. ನಿಯಮ ಸರಳ. ಒಂದು ಸೀಸೆ ತಂದು ಪೆಟ್ರಿ ಡಿಶ್ ಎನ್ನುವ ಮುಚ್ಚಳದ ಚಪ್ಪಟೆ ತಟ್ಟೆಯಲ್ಲಿ ಬೆಳೆಸು. ಅದರಿಂದ ಇನ್ನೊಂದು, ಅದರಿಂದ ಮತ್ತೊಂದು, ಅಷ್ಟೇ. ಮೂರು ದಾಟಿದರೆ ತಳಿ ಗುಣಗೆಡುತ್ತದೆ; ಎಸೆದು, ಮತ್ತೆ ಫ್ರೀಜರಿಗೆ ಹೋಗಿ ಹೊಸ ಸೀಸೆ ತಾ. ಈ ನಿಯಮ ನಾನು ಹುಡುಗಿಯಾಗಿದ್ದಾಗಲೇ ಓದಿದ್ದು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ.

ಆದರೆ ಡ್ರೈ ಐಸ್ ತುಂಬಿದ ಪೆಟ್ಟಿಗೆ ಹೊತ್ತು, ವಾರದ ಮಧ್ಯೆ ಮೂರು ತಾಸು ಡ್ರೈವ್ ಮಾಡುವುದು ಯಾರಿಗೆ ಬೇಕು? ಮನೆ ಆಸ್ಟಿನ್ ಪಕ್ಕದಲ್ಲೇ ಇದೆ, ವಾರದ ಕೊನೆಗೆ ಹೋಗಿ ತರಬಹುದಿತ್ತು. ವಾರದ ಕೊನೆಗೆ ಮಗಳ ಕ್ಲಾಸು, ಬಟ್ಟೆ, ದಿನಸಿ. ನಾಳೆ ತಂದರಾಯಿತು ಎಂದು ನಾಲ್ಕನೇ ಸಲ ಡಿಶ್‌ನಿಂದಲೇ ತೆಗೆದು ಹಾಕಿದೆ. ಏನೂ ಆಗಲಿಲ್ಲ. ಐದನೇ ಸಲವೂ ಆಗಲಿಲ್ಲ. ನಿನ್ನೆಯ ಮೊಸರಿನಿಂದ ಇವತ್ತಿನ ಹಾಲಿಗೆ ಹೆಪ್ಪು ಹಾಕಿ ಬೆಳೆದ ಕೈ ನನ್ನದು. ನಮ್ಮಜ್ಜಿಯ ಮನೆಯ ಹೆಪ್ಪು ಎಂದೂ ನಿಂತದ್ದಿಲ್ಲ. ಯಾರೂ ಯಾವ ಮೂಲಕ್ಕೂ ವಾಪಸ್ ಹೋದದ್ದಿಲ್ಲ. ಓದಿದ್ದು ತಲೆಯಲ್ಲಿತ್ತು, ಅಭ್ಯಾಸ ಕೈಯಲ್ಲಿತ್ತು. ಕೈಯೇ ಗೆದ್ದಿತು.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಪ್ರತಿ ಸಲ ಹತ್ತು ಡಿಶ್ ಬೆಳೆಸಿ, ಅದರಲ್ಲಿ ಬೇಗ ಬೆಳೆದ, ಬೆಳ್ಳಗೆ ಉಬ್ಬಿ ನಿಂತ, ನೋಡಲು ಲಕ್ಷಣವಾಗಿರುವುದನ್ನೇ ಆರಿಸುತ್ತಿದ್ದೆ. "ನೋಡ್ರಿ ಆಂಟಿ, ಎಷ್ಟ್ ಚಂದ ಬಂದದ" ಎಂದು ತೋರಿಸುತ್ತಿದ್ದೆ. ಶಿಲೀಂಧ್ರ ಕಿಣ್ವ ಸುರಿಸಬೇಕಾದರೆ ಮೈ ಸವೆಸಬೇಕು. ಆ ಕೆಲಸ ಬಿಟ್ಟ ಸೋಮಾರಿಗೆ ಬೆಳೆಯಲು ಬೇಕಾದಷ್ಟು ಪುರುಸೊತ್ತು. ನಾನು ತಿಂಗಳುಗಟ್ಟಲೆ ಸೋಮಾರಿಗಳನ್ನೇ ಹುಡುಕಿ ಹುಡುಕಿ ಸಾಕಿದೆ. ಲಾಗ್ ಪುಸ್ತಕದಲ್ಲಿ ತಾರೀಖು ಬರೆದು ಮುಂದೆ 'ಅದೇ ತಳಿ' ಎಂದು ಬರೆಯುತ್ತಿದ್ದೆ. ಎಷ್ಟನೆಯದು ಎಂದು ಬರೆಯುತ್ತಿರಲಿಲ್ಲ.

ಮೊದಲು ಗೊತ್ತಾದದ್ದು ಆಂಟಿಗೆ. ಮಾರ್ಚ್‌ನ ಒಂದು ಬೆಳಗ್ಗೆ ಟ್ರೇ ಕೋಣೆಯ ಬಾಗಿಲಲ್ಲಿ ನಿಂತು, ಮಾಸ್ಕ್ ಮೂಗಿನಿಂದ ಕೆಳಗೆ ಜಾರಿಸಿ, ಒಂದು ಟ್ರೇಗೆ ಮುಖ ಬಗ್ಗಿಸಿ ಮೂಸುತ್ತಿದ್ದರು.

"ಆಂಟಿ! ಮಾಸ್ಕ್ ತೆಗೀಬ್ಯಾಡ್ರಿ ಅಂತ ಎಷ್ಟ್ ಸಲ ಹೇಳಬೇಕ್ರಿ? ಆ ಬೀಜಕಣ ಎದಿಯಾಗ ಹೋದ್ರ ಏನ್ಮಾಡ್ತೀರಿ?"

"ಒಂದ್ನಿಮಿಷ ಬಾ ಇಲ್ಲಿ," ಎಂದರು. "ಮೊದ್ಲು ಹುರಿಗಡಲೆ ವಾಸನೆ ಬರ್ತಿತ್ತು ಅಲ್ವಾ? ಈಗ ನೋಡು, ಒದ್ದೆ ಗೋಣಿಚೀಲದ ಥರ. ಏನೋ ಬದಲಾಗಿದೆ ಕಣೇ."

"ಗಿರಣಿ ತೌಡು ಬದಲಾಗಿರಬೇಕ್ರಿ."

"ತೌಡಲ್ಲ. ತೌಡು ನಾನು ಬೇಯಿಸೋವಾಗ ಮೂಸಿದೀನಿ. ನೀನು ಕೊಡೋ ಬೀಜ ಒಂದ್ಸಲ ನೋಡು."

ನನಗೆ ಚುರ್ರೆಂದಿತು. ಡಾಕ್ಟರೇಟ್ ಮಾಡಿದವಳು ನಾನು. ಮೂಗು ನಂಬಿಕೊಂಡು ನನಗೆ ಹೇಳಲು ಬಂದಿದ್ದಾರಲ್ಲ ಎನಿಸಿತು. "ಇದೇನ್ ದೋಸೆಹಿಟ್ಟಲ್ರಿ ಆಂಟಿ, ವಾಸನಿ ನೋಡಿ ಹೇಳಾಕ" ಎಂದೆ. ಅವರು ಮಾಸ್ಕ್ ಏರಿಸಿಕೊಂಡು ಟ್ರೇ ಒಳಗೆ ತಳ್ಳಿದರು. ಆಮೇಲೆ ವಾಸನೆಯ ಮಾತು ಎತ್ತಲಿಲ್ಲ.

ಕಿಣ್ವದ ಬಲ ಪರೀಕ್ಷಿಸುವಾಗ ನಾವು ಒಂದು ಹಳದಿ ದ್ರಾವಣ ಹಾಕಿ ಕುದಿಸುತ್ತೇವೆ. ಕಿಣ್ವ ಗಟ್ಟಿಯಿದ್ದರೆ ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಆ ಬೇಸಿಗೆಯಲ್ಲಿ ಕೊಳವೆಗಳು ಬರುಬರುತ್ತ ಕಿತ್ತಳೆಯಾದವು, ಆಮೇಲೆ ಹಳದಿಯಲ್ಲೇ ನಿಂತವು. ಪ್ರತಿ ಸಲವೂ ಒಂದು ಕಾರಣ ಹುಡುಕಿದೆ: ಹಳೆಯ ದ್ರಾವಣ, ಹೊಸ ತೌಡು, ಹ್ಯೂಸ್ಟನ್‌ನ ಸೆಖೆ. ಡಾಲಸ್‌ನವರು ಒಂದಿಡೀ ಲಾಟ್ ವಾಪಸ್ ಕಳಿಸಿದ ದಿನ ಕಾರಣಗಳೆಲ್ಲ ಮುಗಿದವು.

ಬಾಸ್ ನನ್ನನ್ನು ಕರೆದರು. ಭತ್ತ ಬೆಳೆಯುವ ಮನೆತನದಿಂದ ಬಂದ ಮನುಷ್ಯ, ಮಾತು ಕಡಿಮೆ. ತಪ್ಪು ಬೀಜದ್ದೋ, ಟ್ರೇಯದ್ದೋ ಎಂದು ಕೇಳಿದರು. ಬೀಜ ಚೆನ್ನಾಗಿಯೇ ಬೆಳೆಯುತ್ತಿದೆ, ಮೊದಲಿಗಿಂತ ಬೇಗ ಬೆಳೆಯುತ್ತಿದೆ ಎಂದೆ. ಅದು ನಿಜ. ಹಾಗಾದರೆ ಟ್ರೇ ಕೋಣೆ ಯಾರದು ಎಂದರು.

"ಟ್ರೇ ರೂಮ್ ಅವರದು," ಎಂದೆ.

ಅದೂ ನಿಜವೇ. ಒಂದೇ ಒಂದು ಸುಳ್ಳು ಹೇಳದೆ ಒಬ್ಬರ ಕತ್ತು ಕೊಯ್ಯಬಹುದು ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಬಾಸ್ ಇನ್ನೂ ನನ್ನ ಮುಖ ನೋಡುತ್ತಿದ್ದರು. ಅಲ್ಲಿಗೇ ನಿಲ್ಲಿಸದೆ ಇನ್ನೊಂದು ಮಾತು ಸೇರಿಸಿದೆ: ಅವರು ಕೆಲವು ಸಲ ಮಾಸ್ಕ್ ಇಳಿಸಿ ಟ್ರೇ ಮೂಸುತ್ತಾರೆ, ನಾನು ಎಚ್ಚರಿಸಿದ್ದೇನೆ. ಇದನ್ನು ಯಾರೂ ಕೇಳಿರಲಿಲ್ಲ. ಬಾಸ್ ಪೆನ್ ಎತ್ತಿಕೊಂಡು ಬರೆದುಕೊಂಡರು. ಟ್ರೇಗೆ ಬಾಯಿಯ ಉಸಿರು ತಾಗುವುದು, ಬೇರೆ ಸೂಕ್ಷ್ಮಜೀವಿ ಬೀಳುವುದು, ಅಷ್ಟು ಸಾಕಿತ್ತು. ಶುಕ್ರವಾರ ಆಂಟಿಯ ಕೆಲಸ ಹೋಯಿತು.

ಸೋಮವಾರ ಸಂಜೆ ನಾನು ಬೇರೆ ಎಲ್ಲಿಗೂ ಹೋಗದೆ ಅವರ ಮನೆಗೇ ಹೋದೆ. ಇನ್ನೆಲ್ಲಿಗೆ ಹೋಗಲಿ? ನನ್ನ ಬಟ್ಟೆ, ಹಾಸಿಗೆ ಎಲ್ಲ ಅಲ್ಲೇ ಇತ್ತು. ಆಂಟಿ ತಟ್ಟೆ ಹಾಕಿದರು. ಅನ್ನ, ಸಾರು, ಹುರುಳಿಕಾಯಿ ಪಲ್ಯ, ಕೊನೆಗೆ ಮೊಸರು. ಅಂಕಲ್ ಬೇಗ ಊಟ ಮುಗಿಸಿ ಎದ್ದರು. ಆಂಟಿ ನನ್ನ ಎದುರು ಕೂತು, "ನೀನು ನನ್ನನ್ನ ನಂಬಿ ಸೇರಿಸಿದ್ದೆ. ನನ್ನಿಂದ ನಿಂಗೆ ಕೆಟ್ಟ ಹೆಸರು ಬಂತು ಅಲ್ವೇನೇ?" ಎಂದರು.

ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ನಾನು ಜಂತೆಯನ್ನೇ ಕಿತ್ತಿದ್ದೆ. "ಹಂಗೇನಿಲ್ರಿ ಆಂಟಿ" ಎಂದು ಅನ್ನಕ್ಕೆ ಇನ್ನಷ್ಟು ಮೊಸರು ಹಾಕಿಸಿಕೊಂಡೆ. ಆವತ್ತು ನನ್ನ ಮನಸ್ಸಿನಲ್ಲಿ, ತಪ್ಪು ಟ್ರೇಯದ್ದೇ ಇರಬಹುದು ಎಂಬ ಒಂದು ಸಣ್ಣ ಆಸರೆ ಇನ್ನೂ ಉಳಿದಿತ್ತು ಎಂದು ಹೇಳಿಕೊಳ್ಳಬಲ್ಲೆ. ಮೂರು ವಾರದ ನಂತರ ಅದೂ ಹೋಯಿತು.

ಎಲ್ಲವನ್ನೂ ಮೊದಲಿನಿಂದ ಶುರು ಮಾಡೋಣ, ಮೂಲ ಸೀಸೆಯನ್ನೇ ತನ್ನಿ ಎಂದರು ಬಾಸ್. ಆಸ್ಟಿನ್‌ಗೆ ಹೋಗಿ ತಂದೆ. ಅದನ್ನು ಡಿಶ್‌ನಲ್ಲಿ ಬೆಳೆಸಿ ನನ್ನ ಡಿಶ್ ಪಕ್ಕದಲ್ಲಿಟ್ಟೆ. ಸೀಸೆಯದು ಗಿಡ್ಡಗೆ, ಮಂಕಾಗಿ, ಪಾಚಿ ಹಸಿರಿನ ಪುಡಿ ಹೊತ್ತುಕೊಂಡು ನೆಲಕ್ಕಂಟಿ ಬೆಳೆದಿತ್ತು. ನನ್ನದು ಹತ್ತಿಯ ಹಾಗೆ ಬೆಳ್ಳಗೆ ಉಬ್ಬಿ ಮುಚ್ಚಳ ಮುಟ್ಟುತ್ತಿತ್ತು. ಪರೀಕ್ಷೆಯೇ ಬೇಕಿರಲಿಲ್ಲ, ಆದರೂ ಮಾಡಿದೆ. ಒಂದು ಕೊಳವೆ ಇಟ್ಟಿಗೆ ಬಣ್ಣ, ಒಂದು ಹಳದಿ. ಲಾಗ್ ಪುಸ್ತಕ ತೆರೆದು ತಾರೀಖುಗಳ ಮೇಲೆ ಬೆರಳಿಟ್ಟು ಎಣಿಸಿದೆ. ಮೂವತ್ತೊಂದು. ಮೂರಕ್ಕೆ ನಿಲ್ಲಿಸಬೇಕಾದದ್ದನ್ನು ಮೂವತ್ತೊಂದು ಸಲ ತಿರುವಿ ಹಾಕಿದ್ದೆ.

ಪುಸ್ತಕ ಮುಚ್ಚಿ ಕಪಾಟಿನಲ್ಲಿಟ್ಟೆ.

ಟ್ರೇ ಕೋಣೆಗೆ ಅಷ್ಟರಲ್ಲಿ ಹೊಸ ಟೆಕ್ನಿಷಿಯನ್ ಬಂದಿದ್ದರು. ಹೊಸ ಕೈ, ಹೊಸ ಸೀಸೆ, ಎರಡೂ ಒಂದೇ ವಾರ. ಬ್ಯಾಚ್ ಸರಿ ಬಂದಾಗ ಯಾವುದರಿಂದ ಸರಿಹೋಯಿತು ಎಂದು ಯಾರೂ ಬೇರ್ಪಡಿಸಿ ನೋಡಲಿಲ್ಲ. ಹುರಿಗಡಲೆಯ ವಾಸನೆ ಮತ್ತೆ ಬಂತು. ಅದನ್ನು ನಾನೊಬ್ಬಳೇ ಗಮನಿಸಿದೆ. ಬಾಸ್ ನನ್ನ ಭುಜ ತಟ್ಟಿ, ನೀವು ಕಂಪನಿ ಉಳಿಸಿದಿರಿ ಎಂದರು. ನಾನು ಥ್ಯಾಂಕ್ಸ್ ಹೇಳಿದೆ.

ಆಂಟಿ ಆಗ ಇನ್ನೂ ಕೇಟಿಯಲ್ಲೇ ಇದ್ದರು. ಅಂಕಲ್ ರಿಟೈರ್ ಆಗಿದ್ದರು. ಇನ್ನು ಇಲ್ಲೇನಿದೆ ಎಂದು ಪ್ರಾಸ್ಪರ್‌ಗೆ, ಮಗಳ ಮನೆಗೆ ಶಿಫ್ಟ್ ಆಗಲು ಡಬ್ಬ ಕಟ್ಟುತ್ತಿದ್ದರು. ನಾನು ಟೇಪ್ ಅಂಟಿಸಿಕೊಡುತ್ತಿದ್ದೆ. ಹೇಳಲು ಎಷ್ಟು ಸಂಜೆಗಳಿದ್ದವು! ಈ ಪಾತ್ರೆ ಡಬ್ಬ ಮುಗಿಯಲಿ, ಪುಸ್ತಕದ್ದು ಮುಗಿಯಲಿ ಎಂದು ಮುಂದೂಡಿದೆ. ಲಾರಿ ಬಂತು, ಹೋಯಿತು. ನಾನು ಹೋಟೆಲಿನಲ್ಲಿ ಇರತೊಡಗಿದೆ.

ಎಂಟು ತಿಂಗಳಾದ ಮೇಲೆ ಕೋಳಿಮೇವಿನವರ ಜೊತೆ ಒಂದು ಮೀಟಿಂಗ್‌ಗೆ ಡಾಲಸ್ ಪಕ್ಕದ ಇರ್ವಿಂಗ್‌ಗೆ ಹೋಗಬೇಕಾಯಿತು. ಮುಗಿಸಿ, ಮನೆಗೆ ಸ್ವಲ್ಪ ಬ್ಯಾಡಗಿ ಮೆಣಸಿನಕಾಯಿ ತೆಗೆದುಕೊಂಡು ಹೋಗೋಣವೆಂದು ಅಲ್ಲಿನ ಇಂಡಿಯನ್ ಗ್ರೋಸರಿಗೆ ನುಗ್ಗಿದೆ. ಹಾಲು ಮೊಸರಿನ ಫ್ರಿಜ್ ಮುಂದೆ ಆಂಟಿ ನಿಂತಿದ್ದರು. ದೇವಸ್ಥಾನಕ್ಕೆ ಬಂದಿದ್ದರಂತೆ, ಹಣೆಯಲ್ಲಿ ಕುಂಕುಮ ಇತ್ತು. ಅವರ ತಳ್ಳುಗಾಡಿಯಲ್ಲಿ ಎರಡು ದೊಡ್ಡ ಡಬ್ಬಿ ಅಂಗಡಿಯ ಮೊಸರಿತ್ತು.

ಅಪ್ಪಿಕೊಂಡರು. "ಬಡಕಲಾಗಿದೀಯಲ್ಲೇ" ಎಂದರು. ನಾನು ಆ ಡಬ್ಬಿಗಳನ್ನೇ ನೋಡುತ್ತಿರುವುದನ್ನು ಕಂಡು ಒಂದರ ಮೇಲೆ ಕೈಯಿಟ್ಟರು, ಮುಚ್ಚಿಡುವವರ ಹಾಗೆ.

"ನನ್ನ ಕೈಗುಣ ಹೋಯ್ತು ಕಣೇ," ಎಂದರು. "ಇಲ್ಲಿಗೆ ಬಂದ್ಮೇಲೆ ಹತ್ತು ಸಲ ಹೆಪ್ಪು ಹಾಕ್ದೆ. ಒಂದ್ಸಲ ಲೋಳೆ, ಒಂದ್ಸಲ ನೀರು. ಆಮೇಲೆ ಕೈ ಹಾಕೋಕೇ ಹೆದ್ರಿಕೆ ಬಂತು. ಅಲ್ಲಿ ಅಷ್ಟೊಂದು ಟ್ರೇ ಹಾಳು ಮಾಡಿದ ಕೈ ಅಲ್ವಾ ಇದು? ಹೆಪ್ಪು ಎಸೆದುಬಿಟ್ಟೆ. ಅಡುಗೇನೂ ಈಗ ಮಗಳೇ ಮಾಡ್ತಾಳೆ. ನಾನು ತರಕಾರಿ ಹೆಚ್ಚಿಕೊಡ್ತೀನಿ."

ಅದನ್ನು ಅಳುತ್ತ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಬೆಂಡೆಕಾಯಿ ಚೆನ್ನಾಗಿಲ್ಲ ಎನ್ನುವಷ್ಟೇ ಸಹಜವಾಗಿ ಹೇಳಿದರು. ಬಾಯಿ ತೆರೆದೆ. ಹಿಂದೆ ಯಾರೋ ಗಾಡಿ ತಳ್ಳಿಕೊಂಡು ಬಂದು ಎಕ್ಸ್‌ಕ್ಯೂಸ್ ಮಿ ಎಂದರು, ನಾವಿಬ್ಬರೂ ಸರಿದೆವು.

"ಹೊಸ ಮನಿಯಾಗ ಎಸಿ ಜಾಸ್ತಿ ಇರಬೇಕ್ರಿ ಆಂಟಿ," ಎಂದೆ.

ಹೇಡಿ. ನನಗೆ ನಾನೇ ಕಾರಿನಲ್ಲಿ ಜೋರಾಗಿ ಬೈದುಕೊಂಡೆ. ಇರ್ವಿಂಗ್‌ನಿಂದ ಮನೆಯವರೆಗೆ ರೇಡಿಯೋ ಹಾಕಲಿಲ್ಲ. ಕೆಲಸ ಹೋದದ್ದೊಂದೇ ನಷ್ಟ ಎಂದು ಇಷ್ಟು ದಿನ ಲೆಕ್ಕ ಹಾಕಿಕೊಂಡಿದ್ದೆ. ಕೆಲಸ ಇನ್ನೊಂದು ಸಿಗಬಹುದು, ಅವರಿಗೆ ಅದು ಬೇಕಾಗಿಯೂ ಇಲ್ಲ ಎಂದು ಸಮಾಧಾನವನ್ನೂ ಮಾಡಿಕೊಂಡಿದ್ದೆ. ಅವರು ತಮ್ಮ ಕೈಯನ್ನೇ ನಂಬದೆ ಕೂತಿದ್ದಾರೆ ಎಂಬುದು ನನ್ನ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ.

ಮನೆಯಲ್ಲಿ ಊಟಕ್ಕೆ ಕೂತಾಗ ಗಂಡ ಮೊಸರಿನ ಪಾತ್ರೆ ಮುಂದೆ ಸರಿಸಿದ. ಆಂಟಿಯ ಹೆಪ್ಪಿನದೇ ಮೊಸರು, ಗಟ್ಟಿಯಾಗಿ, ಚಮಚ ನಿಲ್ಲುವ ಹಾಗೆ. ಅದನ್ನು ನೋಡಿದ್ದೇ ಅಳು ಬಂತು. ಎಲ್ಲವನ್ನೂ ಹೇಳಿದೆ. ಹದಿಮೂರು ವರ್ಷದ ಮಗಳು ಕಣ್ಣರಳಿಸಿ ಕೇಳಿ, "ಸೋ ಯು ಲೆಟ್ ಹರ್ ಟೇಕ್ ದ ಬ್ಲೇಮ್?" ಎಂದಳು. ಅವಳಪ್ಪ ಅವಳನ್ನು ಗದರಲು ಹೋದ, ನಾನೇ ತಡೆದೆ. ಅವಳು ಕೇಳಿದ್ದರಲ್ಲಿ ತಪ್ಪೇನಿತ್ತು?

"ಹೋಗಿ ಹೇಳಿಬಿಡು," ಎಂದ ಗಂಡ. "ಫೋನ್‌ನಾಗ ಬ್ಯಾಡ. ಎದುರಿಗೆ ಹೋಗಿ ಹೇಳು."

ಶನಿವಾರ ಬೆಳಗ್ಗೆ ಪ್ರಾಸ್ಪರ್‌ಗೆ ಹೊರಟೆ. ಐಸ್ ತುಂಬಿದ ಚೀಲದಲ್ಲಿ ಒಂದು ಸ್ಟೀಲ್ ಡಬ್ಬಿ ಇಟ್ಟುಕೊಂಡೆ, ಅವರೇ ಕೊಟ್ಟಿದ್ದ ಅದೇ ಡಬ್ಬಿ, ತುಂಬ ಮೊಸರು. ತಪ್ಪು ಒಪ್ಪಿಕೊಂಡು, ಅವರ ಹೆಪ್ಪನ್ನು ಅವರಿಗೇ ವಾಪಸ್ ಕೊಡುತ್ತೇನೆ, ಅವರು ಕಣ್ಣೊರೆಸಿಕೊಂಡು ತೆಗೆದುಕೊಳ್ಳುತ್ತಾರೆ, ಹೀಗೆ ದಾರಿಯುದ್ದಕ್ಕೂ ನನಗೆ ಬೇಕಾದ ಹಾಗೆ ಕಟ್ಟಿಕೊಂಡೆ. ಮೂರೂವರೆ ತಾಸಿನ ದಾರಿಯಲ್ಲಿ ಮನುಷ್ಯ ತನ್ನನ್ನು ಎಷ್ಟು ಬೇಕಾದರೂ ಒಳ್ಳೆಯವನನ್ನಾಗಿ ಮಾಡಿಕೊಳ್ಳಬಹುದು.

ಮಗಳ ಮನೆ ಹೊಸ ಬಡಾವಣೆಯಲ್ಲಿ. ಮರಗಳಿಗೆ ಇನ್ನೂ ಕೋಲು ಕಟ್ಟಿ ನಿಲ್ಲಿಸಿದ್ದರು. ಅಂಕಲ್ ಮೊಮ್ಮಗಳನ್ನು ಈಜು ಕ್ಲಾಸಿಗೆ ಕರೆದುಕೊಂಡು ಹೋಗಿದ್ದರು, ಮಗಳು ಅಳಿಯ ಹೊರಗೆ. ಆಂಟಿ ಒಬ್ಬರೇ ಇದ್ದರು. ಕಾಫಿ ಕೊಟ್ಟರು. ನಾನು ಲೋಟ ಮುಟ್ಟದೆ ಹೇಳಿದೆ: ಸೀಸೆ, ಮೂವತ್ತೊಂದು ಸಲ, ಎರಡು ಡಿಶ್, ಬಾಸ್ ಕೋಣೆಯಲ್ಲಿ ಆಡಿದ ಮಾತು, ಮಾಸ್ಕಿನ ಮಾತು. ಕೊನೆಯದನ್ನು ಹೇಳುವಾಗ ಅವರ ಮುಖ ನೋಡಲಾಗಲಿಲ್ಲ.

ಆಂಟಿ ನಾನು ಮುಟ್ಟದ ಲೋಟವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ಯಾವಾಗ ಗೊತ್ತಾಯ್ತು ನಿಂಗೆ?" ಎಂದರು.

"ನೀವು ಬಿಟ್ಟ ಮೂರು ವಾರಕ್ಕ."

"ನಾನು ಕೇಟೀಲೇ ಇದ್ದೆ ಆವಾಗ."

"ಹೌದ್ರಿ."

"ನೀನು ನಮ್ಮನೇಲೇ ಊಟ ಮಾಡ್ತಿದ್ದೆ."

"ಹೌದ್ರಿ ಆಂಟಿ."

ಅವರು ಎರಡೂ ಕೈಗಳನ್ನು ಮೇಜಿನ ಮೇಲಿಟ್ಟುಕೊಂಡು ನೋಡಿದರು. ಅಂಗೈ ತಿರುಗಿಸಿ ಮತ್ತೆ ನೋಡಿದರು. "ನಾನು ಆವಾಗ್ಲೇ ಹೇಳಿದ್ದೆ," ಎಂದರು. "ಬೀಜ ನೋಡು ಅಂತ. ಮೂಸಿ ಹೇಳಿದ್ದೆ." ದನಿಯಲ್ಲಿ ಸಿಟ್ಟಿತ್ತು. "ಅದೂ ಮರೆತುಹೋಗಿತ್ತು ನಂಗೆ. ಎಲ್ಲ ನಂದೇ ತಪ್ಪು ಅಂತ ನಂಬಿ ನಂಬಿ, ನಾನೇ ಮೊದಲು ಹೇಳಿದ್ದು ಅನ್ನೋದನ್ನೇ ಮರೆತಿದ್ದೆ."

ನಾನು ಅಳುತ್ತಿದ್ದೆ. ಅವರು ಸಮಾಧಾನ ಮಾಡಲಿಲ್ಲ. ನಾನು ಚೀಲದಿಂದ ಡಬ್ಬಿ ತೆಗೆದು ಅವರ ಮುಂದಿಟ್ಟೆ. "ನಿಮ್ಮ ಹೆಪ್ಪು ರೀ ಇದು. ನಮ್ಮನಿಯಾಗ ಹಂಗ ಉಳದದ. ನಿಮಗಂತ ತಂದೀನಿ."

ಆಂಟಿ ಮುಚ್ಚಳ ತೆಗೆದರು. ಡಬ್ಬಿಯನ್ನು ಮುಖದ ಹತ್ತಿರ ಹಿಡಿದು ಮೂಸಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದರು. ಟ್ರೇ ಕೋಣೆಯ ಬಾಗಿಲಲ್ಲಿ ನಿಂತಿದ್ದ ಅದೇ ಮುಖ.

"ಎಷ್ಟು ಸಲ ತಿರುವಿ ಹಾಕಿದೀಯ ಇದನ್ನ?"

"ಗೊತ್ತಿಲ್ರಿ. ನಾಕು ವರ್ಷ ಆತು."

"ಇದು ನನ್ನದಲ್ಲ," ಎಂದರು. ಒಂದು ಚೂರೂ ಅನುಮಾನವಿಲ್ಲದೆ ಹೇಳಿದರು. "ಬೇರೆ ಆಗಿದೆ. ಇದು ನಿನ್ನ ಮನೇದು. ತಗೊಂಡ್ಹೋಗು."

ಮುಚ್ಚಳ ಒತ್ತಿ ಹಾಕಿ ಡಬ್ಬಿಯನ್ನು ನನ್ನ ಕಡೆ ತಳ್ಳಿದರು. ಎದ್ದು ಹೋಗಿ ಫ್ರಿಜ್ ತೆರೆದರು. ಹಾಲು ತೆಗೆದು ಚಿಕ್ಕ ಪಾತ್ರೆಗೆ ಸುರಿದು ಒಲೆ ಮೇಲಿಟ್ಟರು. ತರಕಾರಿ ಚೀಲದಿಂದ ಹಸಿಮೆಣಸಿನಕಾಯಿ ಆರಿಸಿ, ಒಂದೊಂದರ ತೊಟ್ಟು ಮುರಿದು, ತೊಳೆದು, ತಟ್ಟೆಯಲ್ಲಿಟ್ಟರು. ಹೆಪ್ಪೇ ಇಲ್ಲದ ಮನೆಯಲ್ಲಿ ಹೀಗೆ ಮಾಡುತ್ತಾರೆ. ಬೆಚ್ಚಗಿನ ಹಾಲಿಗೆ ಮೆಣಸಿನಕಾಯಿ ತೊಟ್ಟು ಹಾಕಿಟ್ಟರೆ ಮರುದಿನಕ್ಕೆ ಮೊದಲ ಹೆಪ್ಪು ತಾನಾಗಿ ಹುಟ್ಟುತ್ತದೆ. ಅವರ ಬೆರಳುಗಳು ಎಲ್ಲೂ ತಡವರಿಸಲಿಲ್ಲ.

"ನಿನ್ನ ಬಾಸ್‌ಗೆ ಹೇಳಿದೀಯಾ?" ಬೆನ್ನು ಹಾಕಿಕೊಂಡೇ ಕೇಳಿದರು.

"ಇಲ್ರಿ. ಸೋಮವಾರ ಹೇಳ್ತೀನಿ."

"ಸೋಮವಾರ ಬೇಡ. ಹಾಲು ಕಾದು ಉಗುರುಬೆಚ್ಚಗಾಗೋಕೆ ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಫೋನ್ ಮಾಡು. ಇಲ್ಲಲ್ಲ, ಕಾರಲ್ಲಿ ಕೂತು ಮಾಡು. ನೀನು ಅವರ ಹತ್ರ ಅಳೋದು ನಂಗೆ ಕೇಳಬೇಕಾಗಿಲ್ಲ."

"ಆಂಟಿ, ಆಮ್ಯಾಲೆ ಒಳಗ ಬರ್ಲೇನ್ರಿ?"

ಹಾಲು ಉಕ್ಕಿ ಬಂತು, ಒಲೆ ಆರಿಸಿದರು.

ಕಾರಿನಲ್ಲಿ ಕೂತೆ. ಡಬ್ಬಿಯನ್ನು ಪಕ್ಕದ ಸೀಟಿನ ಮೇಲಿಟ್ಟೆ. ಅಡುಗೆಮನೆಯ ಕಿಟಕಿ ಬೀದಿಯ ಕಡೆಗೇ ಇತ್ತು. ಆಂಟಿ ಪಾತ್ರೆಯ ಮೇಲೆ ಬಗ್ಗಿ ಕಿರುಬೆರಳು ಹಾಲಿನಲ್ಲಿ ಅದ್ದಿ ನೋಡುವುದು, ತಲೆ ಅಲ್ಲಾಡಿಸುವುದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದ್ದುವುದು ಕಾಣುತ್ತಿತ್ತು. ಒಂದು ಸಲವೂ ಹೊರಗೆ ನೋಡಲಿಲ್ಲ. ನಾನು ಬಾಸ್ ನಂಬರ್ ಒತ್ತಿದೆ. ಮೂರನೇ ರಿಂಗಿಗೆ ಎತ್ತಿದರು, ಶನಿವಾರ ಏನು ವಿಷಯ ಎಂದು ಗಾಬರಿಯಾಗಿ ಕೇಳಿದರು.

"ಟ್ರೇ ರೂಮಿನದು ಏನೂ ತಪ್ಪಿರಲಿಲ್ಲ," ಎಂದು ಶುರು ಮಾಡಿದೆ.